ಪಾಠಾಂತರಗಳಿಲ್ಲದ ರಾಜ್ಯ: ಡಿಸ್ಟೋಪಿಯ ಕಥನಗಳ ಎಚ್ಚರಿಕೆಯನ್ನು ಕುರಿತು

ಜಾರ್ಜ್ ಆರ್ವೆಲ್‌ನ 'ನೈನ್‌ಟೀನ್ ಎಯ್ಟಿ-ಫೋರ್' (೧೯೪೯) ಕಾದಂಬರಿಯ ಹೆಸರು ನಮ್ಮ ವಿಚಾರ ಸಂಕಿರಣಗಳಲ್ಲಿ ಕೇಳಿಬಂದಾಗಲೆಲ್ಲ ಅದರ ಬೆನ್ನಿಗೇ ಎರಡು ಮಾತುಗಳು ಬರುತ್ತವೆ. ಆರ್ವೆಲ್ ಭವಿಷ್ಯವನ್ನು ಮೊದಲೇ ಕಂಡಿದ್ದ ಎಂಬುದು ಒಂದು. ಅವನು ಕಂಡದ್ದು ಈಗ ನಿಜವಾಗಿದೆ ಎಂಬುದು ಇನ್ನೊಂದು. ಈ ಎರಡನೆಯ ಮಾತನ್ನು ಆಡುವವರು ಯಾವ ಪಂಗಡಕ್ಕೆ ಸೇರಿದವರು ಎಂಬುದರ ಮೇಲೆ ಕಾದಂಬರಿಯ 'ದೊಡ್ಡಣ್ಣ' ಯಾರು ಎಂಬುದು ನಿರ್ಧಾರವಾಗುತ್ತದೆ. ಎಡಪಂಥೀಯರಿಗೆ ಅವನು ಬಲದಲ್ಲಿಯೂ ಬಲಪಂಥೀಯರಿಗೆ ಎಡದಲ್ಲಿಯೂ ಕಾಣಿಸುತ್ತಾನೆ; ತಮ್ಮ ಮನೆಯ ಗೋಡೆಯ ಮೇಲೆಯೇ ಅವನ ಚಿತ್ರವನ್ನು ಕಂಡವರು ವಿರಳ. ಕೃತಿಯೊಂದು ಎಲ್ಲರಿಗೂ ಇಷ್ಟು ಸುಲಭವಾಗಿ ಒದಗಿಬರುತ್ತದೆಯೆಂದಾದರೆ, ಅದನ್ನು ನಾವು ಓದುತ್ತಿರುವ ಕ್ರಮದಲ್ಲಿಯೇ ಏನೋ ಕೊರತೆಯಿದೆ ಎಂದು ಅನುಮಾನಿಸಬೇಕಾಗುತ್ತದೆ.

ಆ ಕೊರತೆ ಏನೆಂದರೆ, ನಾವು ಗೋಡೆಯ ಮೇಲಿನ ಭಿತ್ತಿಚಿತ್ರವನ್ನು ನೋಡುತ್ತೇವೆಯೇ ಹೊರತು ಅದರ ಕೆಳಗೆ ಕುಳಿತು ಕೆಲಸ ಮಾಡುತ್ತಿರುವವನ ಮೇಜನ್ನು ನೋಡುವುದಿಲ್ಲ. ಕಾದಂಬರಿಯಲ್ಲಿ ದೊಡ್ಡಣ್ಣ ಒಮ್ಮೆಯೂ ಪಾತ್ರವಾಗಿ ಎದುರಿಗೆ ಬರುವುದಿಲ್ಲ. ಬರುವವರು ಗುಮಾಸ್ತರು, ನಿಘಂಟುಕಾರರು, ಪದ್ಯಗಳನ್ನು ಪರಿಷ್ಕರಿಸುವವರು. ಡಿಸ್ಟೋಪಿಯ ಕಥನಗಳು ಸರ್ವಾಧಿಕಾರಿಯ ಬಗೆಗೆ ಎಚ್ಚರಿಸುತ್ತವೆ ಎಂಬುದು ಅರ್ಧ ಮಾತ್ರ ನಿಜ. ಅವು ಹೆಚ್ಚು ಆಳವಾಗಿ ಎಚ್ಚರಿಸುವುದು ಪಠ್ಯಗಳೊಡನೆ ದಿನನಿತ್ಯ ವ್ಯವಹರಿಸುವ ಜನರನ್ನು. ಅಂದರೆ ಈ ಪತ್ರಿಕೆಯನ್ನು ಓದುವ, ಇದಕ್ಕೆ ಬರೆಯುವ ನಮ್ಮಂಥವರನ್ನು. ಈ ಟಿಪ್ಪಣಿಯ ವಾದ ಇಷ್ಟೇ.

ಪರಿಭಾಷೆಯ ಬಗೆಗೆ ಒಂದು ಮಾತು. ೧೮೬೮ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಬ್ರಿಟಿಷ್ ಸಂಸತ್ತಿನಲ್ಲಿ ಐರ್ಲೆಂಡಿನ ಭೂನೀತಿಯನ್ನು ಟೀಕಿಸುವಾಗ ಈ ಪದದ ಒಂದು ರೂಪವನ್ನು ಯುಟೋಪಿಯಕ್ಕೆ ಎದುರಾಗಿ ಬಳಸಿದ್ದುಂಟು. ಕನ್ನಡದಲ್ಲಿ ಇದನ್ನು 'ದುಃಸ್ವಪ್ನ ಸಾಹಿತ್ಯ' ಎಂದು ಕರೆಯುವುದು ನನಗೆ ಒಪ್ಪಿಗೆಯಾಗದು. ಸ್ವಪ್ನದಿಂದ ಎಚ್ಚರಗೊಳ್ಳುವ ಸಾಧ್ಯತೆಯಿದೆ. ಈ ಕೃತಿಗಳ ಜನರು ಎಚ್ಚರವಾಗಿಯೇ ಇರುತ್ತಾರೆ. ಹೊತ್ತಿಗೆ ಸರಿಯಾಗಿ ಕಚೇರಿಗೆ ಹೋಗುತ್ತಾರೆ, ಊಟ ಮಾಡುತ್ತಾರೆ, ಸಂಬಳ ಪಡೆಯುತ್ತಾರೆ. ಆದ್ದರಿಂದ ಡಿಸ್ಟೋಪಿಯ ಎಂಬ ಪದವನ್ನೇ ಇಲ್ಲಿ ಉಳಿಸಿಕೊಂಡಿದ್ದೇನೆ.

ವಿನ್‌ಸ್ಟನ್ ಸ್ಮಿತ್ ಸತ್ಯ ಸಚಿವಾಲಯದ ದಾಖಲೆ ವಿಭಾಗದ ನೌಕರ. ಹಳೆಯ ಪತ್ರಿಕೆಯ ಯಾವ ಸಂಚಿಕೆಯಲ್ಲಿ ಏನನ್ನು ತಿದ್ದಬೇಕು ಎಂಬ ಚೀಟಿಗಳು ಕೊಳವೆಯ ಮೂಲಕ ಅವನ ಮೇಜಿಗೆ ಬಂದು ಬೀಳುತ್ತವೆ. ನಾಯಕನ ಮುನ್ಸೂಚನೆ ಸುಳ್ಳಾಗಿದ್ದರೆ ಹಳೆಯ ಭಾಷಣವೇ ಬದಲಾಗಬೇಕು. ಸರ್ಕಾರ ಕೊಟ್ಟ ಭರವಸೆ ಈಡೇರದಿದ್ದರೆ ಆ ಭರವಸೆಯೇ ಇರಲಿಲ್ಲವೆಂದಾಗಬೇಕು. ತಿದ್ದಿದ ಸಂಚಿಕೆ ಮತ್ತೆ ಅಚ್ಚಾಗಿ ಕಡತ ಸೇರುತ್ತದೆ. ಹಳೆಯ ಪ್ರತಿ, ತಿದ್ದುಪಡಿಯ ಟಿಪ್ಪಣಿ, ಆದೇಶದ ಚೀಟಿ ಎಲ್ಲವೂ ಗೋಡೆಯಲ್ಲಿರುವ ಕಂಡಿಯೊಂದರ ಮೂಲಕ ಕುಲುಮೆಗೆ ಹೋಗುತ್ತವೆ. ವಿಮರ್ಶಕರು ಸಾಮಾನ್ಯವಾಗಿ ಗಮನಿಸದೆ ಬಿಡುವ ಒಂದು ಸಂಗತಿಯೂ ಇಲ್ಲಿದೆ. ವಿನ್‌ಸ್ಟನ್‌ನಿಗೆ ಈ ಕೆಲಸವೆಂದರೆ ಇಷ್ಟ. ಅದರ ಕೌಶಲದಲ್ಲಿ ಅವನಿಗೆ ಹೆಮ್ಮೆಯಿದೆ. ಇಲ್ಲದ ವೀರಯೋಧನೊಬ್ಬನನ್ನು ಕಲ್ಪಿಸಿ ಅವನ ಜೀವನಚರಿತ್ರೆಯನ್ನು ಬರೆದು ಮುಗಿಸಿದಾಗ ಅವನು ಪಡುವ ತೃಪ್ತಿ ಯಾವ ಬರಹಗಾರನಿಗೂ ಅಪರಿಚಿತವಲ್ಲ. ಪ್ರಭುತ್ವವನ್ನು ದ್ವೇಷಿಸುವ ಮನುಷ್ಯನೇ ಪ್ರಭುತ್ವದ ಸುಳ್ಳನ್ನು ಅತ್ಯಂತ ಅಚ್ಚುಕಟ್ಟಾಗಿ ಬರೆಯುತ್ತಾನೆ.

ಗ್ರಂಥಸಂಪಾದನೆಯ ಅಧ್ಯಯನ ಮಾಡಿದವರಿಗೆ ಈ ಭಾಗವನ್ನು ಓದುವಾಗ ವಿಚಿತ್ರವಾದ ಪರಿಚಿತ ಭಾವ ಉಂಟಾಗುತ್ತದೆ. ಪ್ರತಿಗಳನ್ನು ಸಂಗ್ರಹಿಸುವುದು, ಒಂದರೊಡನೊಂದನ್ನು ಹೋಲಿಸುವುದು, ಪಾಠವನ್ನು ನಿರ್ಣಯಿಸುವುದು, ಪರಿಷ್ಕರಿಸಿ ಅಚ್ಚಿಗೆ ಕಳುಹಿಸುವುದು ಎಲ್ಲವೂ ಅಲ್ಲಿದೆ. ಇಲ್ಲದಿರುವುದು ಒಂದೇ: ಪುಟದ ಕೆಳಗಿನ ಪಾಠಾಂತರಗಳು. ಡಿ.ಎಲ್. ನರಸಿಂಹಾಚಾರ್ಯರಂಥ ಹಿರಿಯರು ನಮಗೆ ಕಲಿಸಿದ ಶಿಸ್ತಿನಲ್ಲಿ ಸಂಪಾದಕನು ತಾನು ಸ್ವೀಕರಿಸದ ಪಾಠವನ್ನು ಎಸೆಯುವಂತಿಲ್ಲ. ಅದನ್ನು ಅಡಿಯಲ್ಲಿ ಕೊಡಬೇಕು, ಯಾವ ಪ್ರತಿಯಲ್ಲಿದೆ ಎಂದು ಹೇಳಬೇಕು. ಓಲೆ ಮುರಿದು ಅಕ್ಷರ ಹೋದ ಕಡೆ ಚುಕ್ಕೆಗಳನ್ನಿಟ್ಟು ಅದು ತ್ರುಟಿತವೆಂದು ತೋರಿಸಬೇಕು. ಊಹೆಯಿಂದ ತುಂಬಿದ್ದರೆ ಅದು ಊಹೆಯೆಂದು ಕಂಸದಲ್ಲಿ ಸೂಚಿಸಬೇಕು. ಇವನ್ನೆಲ್ಲ ನಾವು ಕೇವಲ ತಾಂತ್ರಿಕ ವಿವರಗಳೆಂದು ಪರೀಕ್ಷೆಗೆ ಪಾಠ ಮಾಡುತ್ತ ಬಂದಿದ್ದೇವೆ. ಆದರೆ ಅವುಗಳ ಹಿಂದೆ ಒಂದು ರಾಜಕೀಯ ನೀತಿಯಿದೆ. ಪಾಠಾಂತರವನ್ನು ಉಳಿಸುವ ಸಂಪಾದಕ ತಾನು ತಪ್ಪಿರಬಹುದಾದ ಸಾಧ್ಯತೆಯನ್ನು ಓದುಗನ ಕೈಗೆ ಕೊಡುತ್ತಾನೆ, ತನ್ನ ವಿರುದ್ಧ ಸಾಕ್ಷಿಯನ್ನು ತಾನೇ ಒದಗಿಸುತ್ತಾನೆ. ಸತ್ಯ ಸಚಿವಾಲಯ ಅಳಿಸುವುದು ಹಳೆಯ ಸತ್ಯವನ್ನು ಮಾತ್ರವಲ್ಲ. ಅಳಿಸಲಾಗಿದೆ ಎಂಬ ಗುರುತನ್ನೇ ಅಳಿಸುತ್ತದೆ.

ಆರ್ವೆಲ್ ಈ ಹೋಲಿಕೆಯನ್ನು ತಿಳಿದೇ ಬಳಸಿದ್ದಾನೆ ಎನ್ನುವುದಕ್ಕೆ ಆ್ಯಂಪಲ್‌ಫೋರ್ತ್ ಎಂಬ ಸಣ್ಣ ಪಾತ್ರವನ್ನು ನೋಡಬೇಕು. ಇವನು ಕವಿ. ಸಿದ್ಧಾಂತಕ್ಕೆ ಒಗ್ಗದ ಹಳೆಯ ಕವಿತೆಗಳನ್ನು ತಿರುಚಿ ಅವುಗಳಿಗೆ 'ನಿರ್ಣಾಯಕ ಪಾಠ' ಸಿದ್ಧಪಡಿಸುವುದು ಇವನ ಉದ್ಯೋಗ. ಕಿಪ್ಲಿಂಗ್‌ನ ಕವಿತೆಯೊಂದರ ಸಾಲಿನ ಕೊನೆಯಲ್ಲಿದ್ದ ದೇವರು ಎಂಬರ್ಥದ ಪದವನ್ನು ಅವನು ತೆಗೆಯಲಿಲ್ಲ ಎಂಬ ಕಾರಣಕ್ಕೆ ಸೆರೆಮನೆ ಸೇರುತ್ತಾನೆ. ಭಕ್ತಿಯಿಂದ ಉಳಿಸಿದ್ದಲ್ಲ, ಅಂತ್ಯಪ್ರಾಸಕ್ಕೆ ಹೊಂದುವ ಬೇರೆ ಪದ ಇಂಗ್ಲಿಷಿನಲ್ಲಿ ಅವನಿಗೆ ಸಿಗಲಿಲ್ಲ, ಅಷ್ಟೇ. ಕನ್ನಡ ಓದುಗನಿಗೆ ಇಲ್ಲಿ ನಗು ಬರುವುದರ ಜೊತೆಗೆ ಇನ್ನೊಂದು ಸಂಗತಿಯೂ ಹೊಳೆಯಬೇಕು. ನಮ್ಮ ಹಳೆಯ ಕಾವ್ಯಗಳಲ್ಲಿ ದ್ವಿತೀಯಾಕ್ಷರ ಪ್ರಾಸ ಕೆಟ್ಟ ಕಡೆ ಸಂಪಾದಕ ನಿಂತು ನೋಡುತ್ತಾನೆ. ಲಿಪಿಕಾರನ ಕೈ ತಪ್ಪಿದ್ದು ಅಲ್ಲಿ ಸಿಕ್ಕಿಬೀಳುತ್ತದೆ. ಛಂದಸ್ಸು ಪಠ್ಯದ ಕಾವಲುಗಾರ. ಸರ್ವಾಧಿಕಾರದ ಕೊಠಡಿಯಲ್ಲಿಯೂ ಒಂದು ಪ್ರಾಸ ಸುಳ್ಳಿಗೆ ಮಣಿಯದೆ ನಿಂತಿತು ಎಂಬುದನ್ನು ಛಂದಸ್ಸಿನ ಪಾಠ ಹೇಳುವವರು ತರಗತಿಯಲ್ಲಿ ಹೇಳಬಹುದು.

ಸೈಮ್‌ನದು ಇದಕ್ಕಿಂತ ಕಹಿಯಾದ ಕತೆ. 'ನವನುಡಿ'ಯ ನಿಘಂಟಿನ ಹನ್ನೊಂದನೆಯ ಆವೃತ್ತಿಯನ್ನು ಸಿದ್ಧಪಡಿಸುತ್ತಿರುವ ಭಾಷಾಶಾಸ್ತ್ರಜ್ಞ ಇವನು. ಲೋಕದ ಎಲ್ಲ ನಿಘಂಟುಗಳೂ ಆವೃತ್ತಿಯಿಂದ ಆವೃತ್ತಿಗೆ ಬೆಳೆದರೆ ಇವನದು ತೆಳುವಾಗುತ್ತ ಹೋಗುತ್ತದೆ. ಪದಗಳು ಕಡಿಮೆಯಾದಷ್ಟೂ ಅಪರಾಧದ ಆಲೋಚನೆಗಳು ಅಸಾಧ್ಯವಾಗುತ್ತವೆ ಎಂದು ಅವನು ಉತ್ಸಾಹದಿಂದ ವಿವರಿಸುತ್ತಾನೆ. ಅವನಲ್ಲಿ ಪಕ್ಷನಿಷ್ಠೆಗೆ ಕೊರತೆಯಿಲ್ಲ. ಆದರೆ ಅವನು ವಿಷಯವನ್ನು ಅತಿಯಾಗಿ ಅರ್ಥಮಾಡಿಕೊಂಡಿದ್ದಾನೆ. ಒಂದು ದಿನ ಅವನು ಕೆಲಸಕ್ಕೆ ಬರುವುದಿಲ್ಲ. ಚದುರಂಗ ಸಮಿತಿಯ ಸದಸ್ಯರ ಪಟ್ಟಿಯಿಂದ ಒಂದು ಹೆಸರು ಮಾಯವಾಗಿರುತ್ತದೆ, ಪಟ್ಟಿ ಮೊದಲಿನಂತೆಯೇ ಕಾಣುತ್ತದೆ. ಪದಗಳನ್ನು ತೆಗೆದುಹಾಕುತ್ತಿದ್ದವನು ತಾನೇ ತೆಗೆದುಹಾಕಲಾದ ಪದವಾಗುತ್ತಾನೆ.

ಇವೆಲ್ಲ ಅತಿರಂಜಿತವೆಂದು ತೋರಿದರೆ ಚರಿತ್ರೆಯ ಒಂದು ಘಟನೆಯನ್ನು ಇಲ್ಲಿ ನೆನೆಯಬಹುದು. ಸೋವಿಯತ್ ಒಕ್ಕೂಟದ ರಹಸ್ಯ ಪೊಲೀಸ್ ವ್ಯವಸ್ಥೆಯ ಮುಖ್ಯಸ್ಥನಾಗಿದ್ದ ಬೇರಿಯ ೧೯೫೩ರಲ್ಲಿ ಬಂಧಿತನಾಗಿ ಅದೇ ವರ್ಷದ ಕೊನೆಗೆ ಮರಣದಂಡನೆಗೆ ಗುರಿಯಾದ. ಅಷ್ಟರಲ್ಲಿ ಅವನನ್ನು ಹೊಗಳಿ ಬರೆದ ಲೇಖನವಿದ್ದ 'ಮಹಾ ಸೋವಿಯತ್ ವಿಶ್ವಕೋಶ'ದ ಸಂಪುಟ ಚಂದಾದಾರರ ಕೈಸೇರಿತ್ತು. ಪ್ರಕಾಶಕರು ಚಂದಾದಾರರಿಗೆ ಬೇರೆ ಪುಟಗಳನ್ನು ಅಂಚೆಯಲ್ಲಿ ಕಳುಹಿಸಿದರು. ಹಳೆಯ ಪುಟಗಳನ್ನು ಕತ್ತರಿಸಿ ತೆಗೆದು ಆ ಜಾಗದಲ್ಲಿ ಇವನ್ನು ಅಂಟಿಸಿಕೊಳ್ಳಬೇಕೆಂಬುದು ಸೂಚನೆ. ಹೊಸ ಪುಟಗಳಲ್ಲಿ ಬೇರಿಂಗ್ ಸಮುದ್ರದ ಬಗೆಗೆ ಬೇಕಾದಷ್ಟು ವಿವರಗಳಿದ್ದವು. ಆರ್ವೆಲ್ ತೀರಿಕೊಂಡದ್ದು ೧೯೫೦ರಲ್ಲಿ. ಇದನ್ನು ಅವನು ಕಾಣಲಿಲ್ಲ. ಕಂಡಿದ್ದರೂ ಬಹುಶಃ ಆಶ್ಚರ್ಯಪಡುತ್ತಿರಲಿಲ್ಲ. ನನ್ನ ಮಟ್ಟಿಗೆ ಈ ಘಟನೆಯಲ್ಲಿ ಕಳವಳಕಾರಿಯಾದದ್ದು ಸರ್ಕಾರದ ಸುಳ್ಳಲ್ಲ. ಸರ್ಕಾರಗಳು ಸುಳ್ಳು ಹೇಳುವುದು ಹೊಸತಲ್ಲ. ಕಳವಳಕಾರಿಯಾದದ್ದು ಕತ್ತರಿ ಓದುಗನ ಕೈಯಲ್ಲಿತ್ತು ಎಂಬುದು. ಗ್ರಂಥಪಾಲಕನೊಬ್ಬ, ಅಧ್ಯಾಪಕನೊಬ್ಬ ತನ್ನ ಮೇಜಿನ ಮುಂದೆ ಕುಳಿತು, ಪುಟ ಹರಿಯದಂತೆ ಜಾಗ್ರತೆಯಿಂದ ಕತ್ತರಿಸಿ, ಗೋಂದು ಹಚ್ಚಿ ಅಂಟಿಸಿದ ಗಳಿಗೆಯಲ್ಲಿ ಪ್ರಚಾರಕಾರ್ಯ ಪೂರ್ಣವಾಯಿತು.

ಆರ್ವೆಲ್‌ನಿಗೆ ಈ ಮೇಜು ಹೊರಗಿನಿಂದ ಕಂಡದ್ದಲ್ಲ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ, ಬರ್ಮಾದಲ್ಲಿ ಸಾಮ್ರಾಜ್ಯಶಾಹಿಯ ಪೊಲೀಸ್ ಅಧಿಕಾರಿಯಾಗಿದ್ದ ಈ ಲೇಖಕ ೧೯೪೧ರಿಂದ ೧೯೪೩ರವರೆಗೆ ಬಿಬಿಸಿಯ ಪೂರ್ವ ವಿಭಾಗದಲ್ಲಿ ಭಾರತದ ಕೇಳುಗರಿಗಾಗಿ ಕಾರ್ಯಕ್ರಮಗಳನ್ನು ರೂಪಿಸುತ್ತಿದ್ದ. ಯುದ್ಧಕಾಲದ ಆ ಬರಹಗಳೆಲ್ಲವೂ ಪರಿಶೀಲನಾಧಿಕಾರಿಗಳ ಮೊಹರು ಬಿದ್ದ ಮೇಲೆಯೇ ಪ್ರಸಾರವಾಗುತ್ತಿದ್ದವು. ಭಾರತ ಬಿಟ್ಟು ತೊಲಗಿ ಚಳವಳಿ ನಡೆಯುತ್ತಿದ್ದ ಕಾಲವದು. ಭಾರತದ ಸ್ವಾತಂತ್ರ್ಯವನ್ನು ಬೆಂಬಲಿಸುತ್ತಿದ್ದವನೇ ಭಾರತೀಯರ ನಿಷ್ಠೆಯನ್ನು ಬ್ರಿಟನ್ನಿನ ಕಡೆಗೆ ಉಳಿಸಿಕೊಳ್ಳುವ ಪ್ರಚಾರದ ಭಾಗವಾಗಿದ್ದ. ಯುದ್ಧಕಾಲದ ಮಾಹಿತಿ ಸಚಿವಾಲಯ ನೆಲೆಸಿದ್ದುದು ಲಂಡನ್ ವಿಶ್ವವಿದ್ಯಾಲಯದ ಸೆನೆಟ್ ಹೌಸ್‌ನಲ್ಲಿ. ಕಾದಂಬರಿಯ ಸತ್ಯ ಸಚಿವಾಲಯದ ಕಟ್ಟಡಕ್ಕೆ ಅದೇ ಮಾದರಿಯೆಂದು ಸಾಮಾನ್ಯವಾಗಿ ಹೇಳುತ್ತಾರೆ. ಸತ್ಯ ಸಚಿವಾಲಯದ ವಿಳಾಸ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದ ವಿಳಾಸವೂ ಆಗಿತ್ತು ಎಂಬುದನ್ನು ವಿಶ್ವವಿದ್ಯಾಲಯಗಳಲ್ಲಿರುವ ನಾವು ಮರೆಯದಿರುವುದು ಲೇಸು.

'ಅನಿಮಲ್ ಫಾರ್ಮ್' (೧೯೪೫) ಇದೇ ಸಮಸ್ಯೆಯನ್ನು ನೀತಿಕತೆಯ ಸರಳತೆಯಲ್ಲಿ ಮಂಡಿಸುತ್ತದೆ. ಕ್ರಾಂತಿಯ ಬಳಿಕ ಪ್ರಾಣಿಗಳು ಏಳು ಕಟ್ಟಳೆಗಳನ್ನು ಗೋಡೆಯ ಮೇಲೆ ಬರೆಯುತ್ತವೆ. ಹಂದಿಗಳು ಅವನ್ನು ಅಳಿಸಲು ಹೋಗುವುದಿಲ್ಲ. ಒಂದೊಂದು ಕಟ್ಟಳೆಯ ಕೊನೆಗೆ ಎರಡೆರಡು ಪದಗಳನ್ನು ಸೇರಿಸುತ್ತವೆ. ಹಾಸಿಗೆಯಲ್ಲಿ ಮಲಗಬಾರದು ಎಂಬಲ್ಲಿ ಹಾಸುಬಟ್ಟೆಯ ಮಾತು ಬರುತ್ತದೆ. ಕುಡಿಯಬಾರದು ಎಂಬಲ್ಲಿ ಮಿತಿಯ ಮಾತು. ಕೊಲ್ಲಬಾರದು ಎಂಬಲ್ಲಿ ಕಾರಣದ ಮಾತು. ನಮ್ಮ ಪರಿಭಾಷೆಯಲ್ಲಿ ಇದು ಪ್ರಕ್ಷೇಪ. ಮೂಲವನ್ನು ಅಳಿಸುವುದಕ್ಕಿಂತ ಅದಕ್ಕೆ ಸೇರಿಸುವುದು ಸುರಕ್ಷಿತ ಎಂಬುದು ಪ್ರಕ್ಷಿಪ್ತಕಾರರಿಗೆ ಎಲ್ಲ ಕಾಲದಲ್ಲಿಯೂ ಗೊತ್ತಿರುವ ಗುಟ್ಟು. ಕ್ಲೋವರ್ ಎಂಬ ಹೆಣ್ಣುಕುದುರೆಗೆ ಹಿಂದೆ ಹೀಗಿರಲಿಲ್ಲವೆಂಬ ಅನುಮಾನ ಬರುತ್ತದೆ. ಆದರೆ ಅವಳಿಗೆ ಓದಲು ಬಾರದು. ಗೋಡೆಯ ಮೇಲೆ ಬರೆದಿದೆ ಎಂದಾದ ಮೇಲೆ ತನ್ನ ನೆನಪೇ ತಪ್ಪಿರಬೇಕೆಂದು ಒಪ್ಪಿಕೊಳ್ಳುತ್ತಾಳೆ. ಲಿಖಿತ ಪಠ್ಯದ ಎದುರು ಮೌಖಿಕ ಸ್ಮೃತಿ ಸೋಲುವ ಈ ಗಳಿಗೆಯನ್ನು ಜಾನಪದ ವಿದ್ವಾಂಸರು ನನಗಿಂತ ಚೆನ್ನಾಗಿ ವಿವರಿಸಬಲ್ಲರು.

ನನ್ನನ್ನು ಹೆಚ್ಚು ಕಾಡುವ ಪಾತ್ರ ಕತ್ತೆ ಬೆಂಜಮಿನ್. ಅವನಿಗೆ ಯಾವ ಹಂದಿಗೂ ಕಡಿಮೆಯಿಲ್ಲದಂತೆ ಓದಲು ಬರುತ್ತದೆ. ಓದಲು ತಕ್ಕುದಾದದ್ದು ಏನೂ ಇಲ್ಲವೆಂಬ ನಿಲುವಿನಿಂದ ಅವನು ಓದುವುದಿಲ್ಲ. ನಡುರಾತ್ರಿಯಲ್ಲಿ ಏಣಿ ಮುರಿದು, ಬಣ್ಣದ ಡಬ್ಬಿಯ ಪಕ್ಕದಲ್ಲಿ ಸ್ಕ್ವೀಲರ್ ಬಿದ್ದಿರುವುದನ್ನು ಎಲ್ಲ ಪ್ರಾಣಿಗಳೂ ಕಾಣುತ್ತವೆ. ಅರ್ಥವಾಗುವುದು ಬೆಂಜಮಿನ್ ಒಬ್ಬನಿಗೇ. ಅವನು ತಲೆಯಾಡಿಸಿ ಸುಮ್ಮನಾಗುತ್ತಾನೆ. ಅವನು ಕೊನೆಗೊಮ್ಮೆ ಗಟ್ಟಿಯಾಗಿ ಓದುವುದು ತನ್ನ ಗೆಳೆಯ ಬಾಕ್ಸರ್‌ನನ್ನು ಆಸ್ಪತ್ರೆಗೆಂದು ಹೇಳಿ ಒಯ್ಯುತ್ತಿರುವ ಗಾಡಿಯ ಮೇಲಿನ ಅಕ್ಷರಗಳನ್ನು. ಅದು ಕುದುರೆಗಳನ್ನು ಕೊಲ್ಲುವ ಕಸಾಯಿಯ ಗಾಡಿ. ಅಷ್ಟರಲ್ಲಿ ಗಾಡಿ ಹೊರಟಿರುತ್ತದೆ. ಈ ಕೃತಿಯನ್ನು ಪಾಠ ಮಾಡುವಾಗ ನೆಪೋಲಿಯನ್ ಎಂದರೆ ಸ್ಟಾಲಿನ್, ಸ್ನೋಬಾಲ್ ಎಂದರೆ ಟ್ರಾಟ್‌ಸ್ಕಿ ಎಂದು ಸಮೀಕರಣಗಳನ್ನು ಬರೆಸುವುದು ವಾಡಿಕೆ. ಬೆಂಜಮಿನ್ ಎಂದರೆ ಯಾರು ಎಂಬ ಪ್ರಶ್ನೆಯನ್ನು ಯಾವ ಪ್ರಶ್ನಪತ್ರಿಕೆಯಲ್ಲಿಯೂ ನಾನು ಕಂಡಿಲ್ಲ.

ಎಚ್ಚರಿಕೆ ನೀಡುವ ಪಠ್ಯವೂ ಪಠ್ಯವೇ, ಅದನ್ನೂ ತಿದ್ದಬಹುದು. ಈ ಪ್ರಕಾರದ ಕೃತಿಗಳ ಪ್ರಕಟಣೆಯ ಚರಿತ್ರೆಯನ್ನು ಗ್ರಂಥಸಂಪಾದಕನ ದೃಷ್ಟಿಯಿಂದ ನೋಡಿದರೆ ಅದೇ ಒಂದು ಡಿಸ್ಟೋಪಿಯ ಕಥನದಂತಿದೆ. ಯೆವ್ಗೆನಿ ಜಮ್ಯಾತಿನ್ ೧೯೨೦-೨೧ರಲ್ಲಿ ರಷ್ಯನ್ ಭಾಷೆಯಲ್ಲಿ ಬರೆದ 'ನಾವು' ಕಾದಂಬರಿ ಮೊದಲು ಪ್ರಕಟವಾದದ್ದು ೧೯೨೪ರಲ್ಲಿ, ನ್ಯೂಯಾರ್ಕಿನಲ್ಲಿ, ಇಂಗ್ಲಿಷ್ ಅನುವಾದವಾಗಿ. ೧೯೨೭ರಲ್ಲಿ ಪ್ರಾಗ್ ನಗರದ ವಲಸಿಗ ರಷ್ಯನ್ ಪತ್ರಿಕೆಯೊಂದು ಅದರ ಕೆಲವು ಭಾಗಗಳನ್ನು ಅಚ್ಚು ಮಾಡಿತು. ಲೇಖಕನಿಗೆ ತೊಂದರೆಯಾಗದಿರಲೆಂದು, ಇದು ಜೆಕ್ ಅನುವಾದದಿಂದ ಮರಳಿ ರಷ್ಯನ್ನಿಗೆ ತಂದದ್ದು ಎಂದು ಹೇಳಿಕೊಂಡಿತು. ಅಂದರೆ ಮೂಲವೇ ಅನುವಾದದ ವೇಷ ಹಾಕಬೇಕಾಯಿತು. ಆದರೂ ಲೇಖಕನ ಮೇಲಿನ ದಾಳಿ ತಪ್ಪಲಿಲ್ಲ. ೧೯೩೧ರಲ್ಲಿ ಸ್ಟಾಲಿನ್‌ಗೆ ಪತ್ರ ಬರೆದು ಅನುಮತಿ ಪಡೆದು ದೇಶ ಬಿಟ್ಟ ಜಮ್ಯಾತಿನ್ ೧೯೩೭ರಲ್ಲಿ ಪ್ಯಾರಿಸ್ಸಿನಲ್ಲಿ ಸತ್ತ. ಸಂಪೂರ್ಣ ರಷ್ಯನ್ ಪಾಠ ೧೯೫೨ರಲ್ಲಿ ನ್ಯೂಯಾರ್ಕಿನಲ್ಲಿ ಬೆಳಕು ಕಂಡಿತು. ಸೋವಿಯತ್ ನೆಲದಲ್ಲಿ ಅಚ್ಚಾದದ್ದು ೧೯೮೮ರಲ್ಲಿ.

ಇದು ಕಮ್ಯುನಿಸ್ಟ್ ಪ್ರಭುತ್ವಕ್ಕೆ ಮಾತ್ರ ಸಂಬಂಧಿಸಿದ್ದು ಎಂದು ಸಮಾಧಾನಪಡುವಂತಿಲ್ಲ. 'ಅನಿಮಲ್ ಫಾರ್ಮ್' ೧೯೫೪ರಲ್ಲಿ ಚಲಿಸುವ ಚಿತ್ರಗಳ ಸಿನಿಮಾ ಆಯಿತು. ಅದಕ್ಕೆ ಗುಟ್ಟಾಗಿ ಹಣ ಒದಗಿಸಿದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ. ಕೃತಿಯ ಕೊನೆಯಲ್ಲಿ ಹಂದಿಗಳ ಮುಖ ಯಾವುದು, ಮನುಷ್ಯರ ಮುಖ ಯಾವುದು ಎಂಬುದು ಹೊರಗೆ ನಿಂತ ಪ್ರಾಣಿಗಳಿಗೆ ತಿಳಿಯದೆ ಹೋಗುತ್ತದೆ. ಸಿನಿಮಾದ ಕೊನೆಯಿಂದ ಮನುಷ್ಯರನ್ನು ತೆಗೆದುಹಾಕಲಾಯಿತು. ಪ್ರಾಣಿಗಳು ಹಂದಿಗಳ ವಿರುದ್ಧ ಮತ್ತೊಮ್ಮೆ ದಂಗೆಯೇಳುತ್ತವೆ. ಎರಡೂ ಕಡೆಯವರು ಒಂದೇ ಎಂದ ಕೃತಿ, ಒಂದು ಕಡೆಯವರು ಮಾತ್ರ ಕೆಟ್ಟವರು ಎನ್ನುವ ಕೃತಿಯಾಯಿತು. ಪ್ರಚಾರದ ವಿರುದ್ಧ ಬರೆದ ಕತೆಯೇ ಪ್ರಚಾರದ ಸಾಮಗ್ರಿಯಾಯಿತು. ಆರ್ವೆಲ್ ಕೂಡ ಇದರಿಂದ ಪೂರ್ತಿ ಹೊರತಾಗಿರಲಿಲ್ಲ. ಸಾಯುವ ಹಿಂದಿನ ವರ್ಷ, ೧೯೪೯ರಲ್ಲಿ, ಬ್ರಿಟಿಷ್ ವಿದೇಶಾಂಗ ಇಲಾಖೆಯ ಪ್ರಚಾರ ವಿಭಾಗಕ್ಕೆ ಅವನು ನಂಬಲರ್ಹರಲ್ಲದ ಬರಹಗಾರರು, ಪತ್ರಕರ್ತರ ಹೆಸರುಗಳ ಪಟ್ಟಿಯೊಂದನ್ನು ಕೊಟ್ಟಿದ್ದ. ಅವನ ಅಭಿಮಾನಿಗಳು ಇದಕ್ಕೆ ಕೊಡುವ ವಿವರಣೆಗಳನ್ನು ಓದಿದ್ದೇನೆ. ಅವುಗಳಿಂದ ನನಗೆ ಸಮಾಧಾನವಾಗಿಲ್ಲ. ಆದರೆ ಇದೇ ಆರ್ವೆಲ್, ಅಮೆರಿಕದ ಪುಸ್ತಕ ಸಂಘವೊಂದು 'ನೈನ್‌ಟೀನ್ ಎಯ್ಟಿ-ಫೋರ್'ನಿಂದ ನವನುಡಿಯ ಅನುಬಂಧವನ್ನೂ ಮತ್ತೊಂದು ದೀರ್ಘ ಭಾಗವನ್ನೂ ತೆಗೆದರೆ ಮಾತ್ರ ಸ್ವೀಕರಿಸುವುದಾಗಿ ಹೇಳಿದಾಗ, ದೊಡ್ಡ ಮೊತ್ತ ಕೈತಪ್ಪುವ ಸಂಭವವಿದ್ದರೂ ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಸಂಘವೇ ಕೊನೆಗೆ ಮಣಿಯಿತು. ಆ ಅನುಬಂಧ ಇಡಿಯಾಗಿ ಭೂತಕಾಲದಲ್ಲಿದೆ. ನವನುಡಿ ಎಂಬುದೊಂದು ಇತ್ತು ಎಂದು ಯಾರೋ ಸಾಮಾನ್ಯ ಇಂಗ್ಲಿಷಿನಲ್ಲಿ, ಮುಂದಿನ ಯಾವುದೋ ಕಾಲದಿಂದ ಬರೆದಂತಿದೆ. ಅದನ್ನು ಬರೆದವರು ಯಾರೆಂದು ಕಾದಂಬರಿ ಹೇಳುವುದಿಲ್ಲ. ಆ ರಾಜ್ಯ ಅಳಿಯಿತೆಂಬುದಕ್ಕೆ ಕೃತಿಯಲ್ಲಿರುವ ಏಕೈಕ ಸುಳಿವು ಒಂದು ಕ್ರಿಯಾಪದದ ಕಾಲಪ್ರತ್ಯಯ.

ರೇ ಬ್ರಾಡ್‌ಬರಿಯ 'ಫ್ಯಾರನ್‌ಹೀಟ್ ೪೫೧' (೧೯೫೩) ಪುಸ್ತಕಗಳನ್ನು ಸುಡುವ ರಾಜ್ಯದ ಕತೆ. ಅದರ ಪ್ರಕಾಶಕರು ೧೯೬೭ರಲ್ಲಿ ಶಾಲೆಗಳಿಗಾಗಿ ತಂದ ಆವೃತ್ತಿಯಲ್ಲಿ ಎಪ್ಪತ್ತೈದಕ್ಕೂ ಹೆಚ್ಚು ಕಡೆ ಮಾತುಗಳನ್ನು ಬದಲಿಸಿದರು. ಲೇಖಕನಿಗೆ ತಿಳಿಸಲಿಲ್ಲ. ೧೯೭೩ರಿಂದ ಕೆಲವು ವರ್ಷ ಆ ತಿದ್ದಿದ ಪಾಠವೊಂದೇ ಮಾರಾಟದಲ್ಲಿತ್ತು. ವಿದ್ಯಾರ್ಥಿಗಳು ಗಮನಿಸಿ ಪತ್ರ ಬರೆದ ಮೇ ಲೆ ಬ್ರಾಡ್‌ಬರಿಗೆ ವಿಷಯ ಗೊತ್ತಾಯಿತು. ಇಲ್ಲಿ ಪ್ರಭುತ್ವವಿಲ್ಲ, ಆದೇಶವಿಲ್ಲ. ಯಾರಿಗೂ ನೋವಾಗದಿರಲೆಂಬ ಸದುದ್ದೇಶದ ಒಬ್ಬ ಸಂಪಾದಕ ಇದ್ದಾನೆ. ೨೦೦೯ರ ಜುಲೈಯಲ್ಲಿ ಅಮೆಜಾನ್ ಸಂಸ್ಥೆ ತನ್ನ ಕಿಂಡಲ್ ಸಾಧನದಲ್ಲಿ ಓದುಗರು ಹಣ ಕೊಟ್ಟು ಪಡೆದಿದ್ದ ಕೆಲವು ಪುಸ್ತಕಗಳನ್ನು ಹಕ್ಕುಸ್ವಾಮ್ಯದ ತೊಡಕಿನಿಂದಾಗಿ ದೂರದಿಂದಲೇ ಅಳಿಸಿಹಾಕಿತು. ಅಳಿಸಿದ್ದು ಆರ್ವೆಲ್‌ನ ಈ ಎರಡು ಕೃತಿಗಳನ್ನೇ. ಸಂಸ್ಥೆ ಕ್ಷಮೆ ಕೇಳಿತು. ಕುಲುಮೆಯ ಅಗತ್ಯವೂ ಇಲ್ಲದೆ ಪ್ರತಿ ಇಲ್ಲವಾಗಬಲ್ಲದು ಎಂಬುದು ಅಂದು ಖಚಿತವಾಯಿತು. ಪರದೆಯ ಮೇಲಿನ ಪಠ್ಯದಲ್ಲಿ ತಿದ್ದಿದ ಗಾಯದ ಗುರುತು ಉಳಿಯುವುದಿಲ್ಲ. ಕನ್ನಡದ ಪ್ರಾಚೀನ ಕೃತಿಗಳನ್ನು ಗಣಕಕ್ಕೆ ಏರಿಸುವ ಉತ್ಸಾಹದಲ್ಲಿ ಅಡಿಯ ಪಾಠಾಂತರಗಳನ್ನು ಕೈಬಿಟ್ಟು ಮೇಲಿನ ಪಾಠವನ್ನು ಮಾತ್ರ ಉಳಿಸಿಕೊಳ್ಳುವವರು ಇದನ್ನು ಯೋಚಿಸಬೇಕು.

ನಮ್ಮ ದೇಶದ ಅನುಭವಕ್ಕೆ ಬರೋಣ. ೧೯೭೫ರ ಜೂನ್ ೨೫ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಗಿ ಪತ್ರಿಕೆಗಳ ಮೇಲೆ ಪೂರ್ವಪರಿಶೀಲನೆ ಜಾರಿಗೆ ಬಂದಾಗ, 'ಇಂಡಿಯನ್ ಎಕ್ಸ್‌ಪ್ರೆಸ್' ಪತ್ರಿಕೆ ೨೮ರಂದು ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪ್ರಕಟವಾಯಿತು. ಮುಂದೆ ಹಾಗೆ ಖಾಲಿ ಬಿಡುವುದನ್ನೂ ನಿಷೇಧಿಸಲಾಯಿತು. ಗ್ರಂಥಸಂಪಾದನೆಯ ಭಾಷೆಯಲ್ಲಿ ಹೇಳುವುದಾದರೆ ಪತ್ರಿಕೆ ಮಾಡಿದ್ದು ತ್ರುಟಿತವನ್ನು ತ್ರುಟಿತವೆಂದು ತೋರಿಸುವ ಕೆಲಸ. ಪರಿಶೀಲನಾಧಿಕಾರಿ ಬರಹಕ್ಕಿಂತ ಹೆಚ್ಚಾಗಿ ಆ ಚುಕ್ಕೆಗಳಿಗೆ ಹೆದರಿದ. ಇದೇ ಸಂದರ್ಭದಲ್ಲಿ ಶಿವರಾಮ ಕಾರಂತರು ತಮಗೆ ಬಂದಿದ್ದ ಪದ್ಮಭೂಷಣವನ್ನು ಹಿಂದಿರುಗಿಸಿದರು. ಪ್ರಶಸ್ತಿ ಪಡೆದವರ ಪಟ್ಟಿಯಲ್ಲಿ ತಾವೇ ಮಾಡಿಕೊಂಡ ಖಾಲಿ ಜಾಗ ಅದು.

ಕನ್ನಡದಲ್ಲಿ ಡಿಸ್ಟೋಪಿಯ ಕಾದಂಬರಿಯ ಪರಂಪರೆ ಗಟ್ಟಿಯಾಗಿ ಬೆಳೆಯಲಿಲ್ಲ ಎಂಬ ಮಾತನ್ನು ಒಪ್ಪುತ್ತೇನೆ. ಆದರೆ ಅದು ಮಾಡುವ ಕೆಲಸವನ್ನು ಮಾಡಿದ ಕೃತಿ ನಮ್ಮಲ್ಲಿ ಇಲ್ಲದಿಲ್ಲ. ಗಿರೀಶ ಕಾರ್ನಾಡರ 'ತುಘಲಕ್' (೧೯೬೪) ನಾಟಕವನ್ನು ಆದರ್ಶವಾದಿಯೊಬ್ಬನ ದುರಂತವೆಂದೇ ನಾವು ಬಹುಕಾಲ ಪಾಠ ಮಾಡಿದ್ದೇವೆ. ಅದನ್ನು ಪ್ರಚಾರದ ಯಂತ್ರವಿಜ್ಞಾನವೆಂದು ಓದಿ ನೋಡಿ. ತನ್ನನ್ನು ಟೀಕಿಸುವ ಶೇಖ್ ಇಮಾಮುದ್ದೀನನ ಮಾತು ಕೇಳಲು ಬರಬೇಕೆಂದು ಸುಲ್ತಾನ ಊರಿಗೆಲ್ಲ ಸಾರಿಸುತ್ತಾನೆ. ಸೈನಿಕರು ಮನೆಮನೆಗೆ ಹೋಗಿ ಯಾರೂ ಹೋಗಕೂಡದೆಂದು ಎಚ್ಚರಿಸಿ ಬಂದಿರುತ್ತಾರೆ. ಸಭೆ ಖಾಲಿ. ವಾಕ್ ಸ್ವಾತಂತ್ರ್ಯ ಕೊಟ್ಟದ್ದೂ ಆಯಿತು, ಕೇಳುಗರನ್ನು ಕಿತ್ತುಕೊಂಡದ್ದೂ ಆಯಿತು. ಆಮೇಲೆ ತನ್ನ ವಿರುದ್ಧ ಸಂಚು ಹೂಡಿದ ಶಿಹಾಬುದ್ದೀನನನ್ನು ಸುಲ್ತಾನ ತನ್ನ ಕೈಯಾರೆ ಇರಿದು ಕೊಲ್ಲುತ್ತಾನೆ. ಕೊಂದ ಮರುಗಳಿಗೆಯಲ್ಲಿಯೇ ಪಠ್ಯ ಸಿದ್ಧವಾಗುತ್ತದೆ: ಶಿಹಾಬುದ್ದೀನ ಸುಲ್ತಾನನ ಪ್ರಾಣ ಉಳಿಸಲು ಹೋಗಿ ಹುತಾತ್ಮನಾದ, ವೈಭವದಿಂದ ಶವಸಂಸ್ಕಾರ ನಡೆಯಲಿ, ತಂದೆಯನ್ನು ಗೌರವದಿಂದ ಕರೆಸಿ. ಇದನ್ನು ಸುಲ್ತಾನ ಹೇಳುವಾಗ ಅಲ್ಲಿಯೇ ನಿಂತಿರುವವನು ಇತಿಹಾಸಕಾರ ಬರನಿ. ಸುಳ್ಳು ಹುಟ್ಟುವುದನ್ನು ಕಣ್ಣಾರೆ ಕಂಡ ಇತಿಹಾಸಕಾರ. ವಿನ್‌ಸ್ಟನ್ ಮತ್ತು ಬೆಂಜಮಿನ್ ಇಬ್ಬರ ಸಂಕಟವನ್ನೂ ಒಟ್ಟಿಗೆ ಹೊತ್ತ ಪಾತ್ರ ಕನ್ನಡದಲ್ಲಿ ಇದಕ್ಕಿಂತ ಬೇರೊಂದು ನನಗೆ ತೋಚುವುದಿಲ್ಲ.

ಒತ್ತಡ ಸದಾ ಸಿಂಹಾಸನದಿಂದಲೇ ಬರುವುದಿಲ್ಲ. ಗ್ರಂಥಸಂಪಾದನೆಯ ಶಾಸ್ತ್ರವನ್ನು ಬರೆದ, ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯದ ಸಂಪಾದನೆಯ ಹೊಣೆ ಹೊತ್ತ ಎಂ.ಎಂ. ಕಲಬುರ್ಗಿಯವರು ೧೯೮೯ರಲ್ಲಿ 'ಮಾರ್ಗ' ಸಂಪುಟದ ಕೆಲವು ನಿರ್ಣಯಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದು ತಮ್ಮ ಬೌದ್ಧಿಕ ಆತ್ಮಹತ್ಯೆ ಎಂದು ಅವರೇ ಹೇಳಿಕೊಂಡರು. ಹಾಗೆ ಹೇಳಿಕೊಂಡದ್ದರಲ್ಲಿಯೇ ಅವರೊಳಗಿನ ಸಂಪಾದಕ ಎಚ್ಚರವಾಗಿದ್ದ ಎನ್ನಬೇಕು. ಪಾಠವನ್ನು ತೆಗೆದರು, ತೆಗೆಯಬೇಕಾಯಿತು ಎಂಬ ಗುರುತನ್ನು ಉಳಿಸಿದರು. ೨೦೧೫ರ ಆಗಸ್ಟ್ ೩೦ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಇನ್ನೊಂದು ಬಗೆಯ ಪ್ರಕರಣವೂ ಉಂಟು. ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿ ಪ್ರಕಟಿಸಿದ ಸಂಕಲನವೊಂದನ್ನು ೧೯೯೮ರಲ್ಲಿ ರಾಜ್ಯ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು; ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಹಸ್ತಪ್ರತಿಗಳ ಆಧಾರವಿಲ್ಲದೆ ಅಂಕಿತವನ್ನು ಬದಲಿಸುವುದು ಸಂಪಾದನೆಯ ನೀತಿಗೆ ವಿರುದ್ಧ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೂ ತಪ್ಪು ಪಾಠಕ್ಕೆ ಉತ್ತರ ಸರಿಯಾದ ಪಾಠವೇ ಹೊರತು ಮುಟ್ಟುಗೋಲಲ್ಲ. ಈ ಮಾತಿಗೆ ಸಹೋದ್ಯೋಗಿಗಳಲ್ಲಿ ಅನೇಕರು ಒಪ್ಪಲಾರರು ಎಂಬುದು ನನಗೆ ಗೊತ್ತು.

ಹಾಗೆಂದು ಪಾಠವನ್ನು ಉಳಿಸಿಬಿಟ್ಟರೆ ನಮ್ಮ ಹೊಣೆ ತೀರುತ್ತದೆಯೇ? ಇಷ್ಟು ಹೊತ್ತು ಸಂಪಾದಕನ ಪರವಾಗಿ ಮಾತನಾಡಿದ ನಾನು ಮಾರ್ಗರೆಟ್ ಆಟ್‌ವುಡ್ಡಳ 'ದಿ ಹ್ಯಾಂಡ್‌ಮೇಡ್ಸ್ ಟೇಲ್' (೧೯೮೫) ಕಾದಂಬರಿಯ ಕೊನೆಯ ಭಾಗದ ಮುಂದೆ ತಡವರಿಸಿ ನಿಲ್ಲುತ್ತೇನೆ. ಹೆಂಗಸರಿಗೆ ಓದು ಬರಹವನ್ನೇ ನಿಷೇಧಿಸಿದ ಗಿಲಿಯಡ್ ರಾಜ್ಯದಲ್ಲಿ ಬಂದಿಯಾಗಿದ್ದ ಹೆಣ್ಣೊಬ್ಬಳ ಕತೆಯನ್ನು ಅವಳ ದನಿಯಲ್ಲಿಯೇ ಮುನ್ನೂರು ಪುಟ ಕೇಳಿದ ಮೇಲೆ, ೨೧೯೫ನೆಯ ಇಸವಿಯ ಒಂದು ವಿಚಾರ ಸಂಕಿರಣ ಎದುರಾಗುತ್ತದೆ. ರಾಜ್ಯ ಅಳಿದು ಎಷ್ಟೋ ಕಾಲವಾಗಿದೆ. ಅವಳ ಮಾತುಗಳಿದ್ದ ಸುಮಾರು ಮೂವತ್ತು ಧ್ವನಿಸುರುಳಿಗಳು ಸಿಕ್ಕಿವೆ. ಅವುಗಳಿಗೆ ಕ್ರಮಸಂಖ್ಯೆಯಿರಲಿಲ್ಲ, ಊಹೆಯಿಂದ ಜೋಡಿಸಿದ್ದೇವೆ ಎಂದು ಪ್ರಾಧ್ಯಾಪಕ ಪಿಯೆಶೋಟೊ ಪ್ರಾಮಾಣಿಕವಾಗಿ ಹೇಳುತ್ತಾನೆ. ಸಂಪಾದನೆಯ ಶಿಸ್ತಿನಲ್ಲಿ ಅವನು ನಿರ್ದೋಷಿ. ಆದರೆ ಅವನು ಹೆಂಗಸರ ಬಗೆಗೆ ಲಘುವಾದ ಹಾಸ್ಯ ಮಾಡಿ ಸಭೆಯನ್ನು ನಗಿಸುತ್ತಾನೆ. ಗಿಲಿಯಡ್ ಬಗೆಗೆ ನೈತಿಕ ತೀರ್ಪು ಕೊಡಲು ಆತುರಪಡಬಾರದು ಎನ್ನುತ್ತಾನೆ. ಅವಳ ಯಜಮಾನನಾಗಿದ್ದ ಅಧಿಕಾರಿ ಯಾರೆಂದು ಗುರುತಿಸುವುದರಲ್ಲಿ ತೋರುವ ಆಸಕ್ತಿಯನ್ನು ಅವಳ ಬಗೆಗೆ ತೋರುವುದಿಲ್ಲ. ಆ ಅಧಿಕಾರಿಯ ಗಣಕದಿಂದ ತೆಗೆದ ಇಪ್ಪತ್ತು ಪುಟಗಳಾದರೂ ಸಿಕ್ಕಿದ್ದರೆ ಎಂದು ಹಂಬಲಿಸುತ್ತಾನೆ. ಪಾಠ ಉಳಿದಿದೆ, ಕೇಳಿಸಿಕೊಳ್ಳುವ ಕಿವಿ ಇಲ್ಲ. ಅವನ ಉಪನ್ಯಾಸದ ಧಾಟಿ ನಮಗೆ ಚೆನ್ನಾಗಿ ಪರಿಚಿತ; ಇಂಥ ಉಪನ್ಯಾಸಗಳನ್ನು ನಾವೆಲ್ಲ ಕೇಳಿದ್ದೇವೆ, ಕೊಟ್ಟಿಯೂ ಇದ್ದೇವೆ.

ಉಪನ್ಯಾಸ ಮುಗಿಸಿ ಚಪ್ಪಾಳೆ ಗಿಟ್ಟಿಸಿಕೊಂಡ ಪ್ರಾಧ್ಯಾಪಕ, ಪ್ರಶ್ನೆಗಳು ಏನಾದರೂ ಇವೆಯೇ ಎಂದು ಸಭೆಯನ್ನು ಕೇಳುತ್ತಾನೆ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ. ಸಭಾಂಗಣದಲ್ಲಿ ಯಾರಾದರೂ ಕೈಯೆತ್ತಿದರೇ ಎಂಬುದನ್ನು ಆಟ್‌ವುಡ್ ಹೇಳಿಲ್ಲ.